ನಮ್ಮಾಕಿ

ನಮ್ಮ ವಿಜಯಪುರ ಕಡೆಯವರಿಗೆ ಒಂದು ಚಟ ಇದೆ. ಹೊರಗಿನವರು ಯಾರೇ ಸಿಗಲಿ, ಐದು ನಿಮಿಷದೊಳಗೆ ಗೋಳಗುಮ್ಮಟದ ಮಾತು ತೆಗೀತೀವಿ. ಅದು ಮುಗಿದರೆ ಬಸವಣ್ಣನವರ ಬಾಗೇವಾಡಿ, ಆಮೇಲೆ ದ್ರಾಕ್ಷಿ, ಆಮೇಲೆ ಬಿಳಿಜೋಳದ ರೊಟ್ಟಿ. ಎದುರಿಗಿರೋರು ಹಳೇ ಹಿಂದಿ ಹಾಡು ಕೇಳೋ ಪೈಕಿ ಅಂತ ಗೊತ್ತಾದರೆ ಮಾತ್ರ ಇನ್ನೊಂದು ಹೆಸರು ಹೊರಗೆ ಬರುತ್ತೆ. ಅಮೀರ್‌ಬಾಯಿ ಕರ್ನಾಟಕಿ. “ನಮ್ಮಾಕಿನರೀ ಆಕಿ. ಊರಾಗ ಅಮೀರ್ ಟಾಕೀಸ್ ಅಂತ ಕೇಳೀರಲ್ಲ, ಅದು ಆಕಿ ಹೆಸರಿಂದ.”

ಬೆಂಗಳೂರಿನ ಆಫೀಸಿನಲ್ಲಿ ಕೋಲ್ಕತ್ತದ ಸಹೋದ್ಯೋಗಿಯೊಬ್ಬನಿಗೆ ನಾನು ಇದನ್ನೇ ಹೇಳಿದೆ. ಆತ ಹಳೇ ಸಿನಿಮಾ ಹುಚ್ಚ. ಕಣ್ಣರಳಿಸಿ, “ಅವರು ಹಾಡಿದ ‘ಕಿಸ್ಮತ್’ ನಮ್ಮೂರ ರಾಕ್ಸಿ ಟಾಕೀಸಲ್ಲಿ ಮೂರು ವರ್ಷಕ್ಕೂ ಮೇಲೆ ಓಡಿತ್ತು ಗೊತ್ತಾ?” ಅಂದ. ಗೊತ್ತಿತ್ತು. ಅವನ ಊರು ಸಿನಿಮಾ ಓಡಿಸಿತ್ತು, ನನ್ನ ಊರು ದನಿ ಕೊಟ್ಟಿತ್ತು. ಇಬ್ಬರೂ ನಮ್ಮ ನಮ್ಮ ಪಾಲು ತೆಗೆದುಕೊಂಡು ಖುಷಿಯಾಗಿದ್ದೆವು. ಆಗ ಆತ ಕುತೂಹಲಕ್ಕೆ ಕೇಳಿದ: “ಆಕೆ ಹಾಡೋಕೆ ಹೊರಟಾಗ ನಿಮ್ಮ ಜನ ಏನಂದಿದ್ರು?”

‘ಆ ಕಾಲ ಬೇರೆ’ ಅಂತ ಏನೋ ಹೇಳಿ ಚಹಾ ಮುಗಿಸಿದೆವು. ಆದರೆ ಅವನ ಪ್ರಶ್ನೆ ನನ್ನ ಹತ್ತಿರ ಉಳಿದುಕೊಂಡಿತು. ಒಬ್ಬ ಹಾಡುಗಾರ್ತಿಗೆ ಹೆಸರು ಬಂದ ಮೇಲೆ ‘ನಮ್ಮಾಕಿ’ ಅನ್ನೋದಕ್ಕೆ ಊರಿಗೆ ಏನು ಹಕ್ಕಿದೆ? ಆ ಹಕ್ಕು ಎಲ್ಲಿಂದ ಬರುತ್ತೆ? ನೆಲದಿಂದಲೋ, ಭಾಷೆಯಿಂದಲೋ, ಅಥವಾ ಆಕೆಗೆ ನಾವು ಏನಾದರೂ ಕೊಟ್ಟಿದ್ದರೆ ಅದರಿಂದಲೋ?

ಗೊತ್ತಿಲ್ಲದವರಿಗಾಗಿ ಅವರ ಕತೆ ಸ್ವಲ್ಪ ಹೇಳ್ತೀನಿ. ಅಮೀರ್‌ಬಾಯಿ ಹುಟ್ಟಿದ್ದು ಬೀಳಗಿಯಲ್ಲಿ, ಕಳೆದ ಶತಮಾನದ ಶುರುವಿಗೆ. ಬೀಳಗಿ ಆಗ ವಿಜಾಪುರ ಜಿಲ್ಲೆಗೆ ಸೇರಿತ್ತು. 1997ರಲ್ಲಿ ಜಿಲ್ಲೆ ಒಡೆದ ಮೇಲೆ ಬಾಗಲಕೋಟೆಗೆ ಹೋಯಿತು. (ಹಾಗಾಗಿ ಬಾಗಲಕೋಟೆಯವರಿಗೂ ‘ನಮ್ಮಾಕಿ’ ಅನ್ನೋಕೆ ದಾರಿ ಇದೆ. ಇರಲಿ, ಹಂಚಿಕೊಳ್ಳೋಣ.) ಮನೆತುಂಬ ಅಕ್ಕತಂಗಿಯರು. ಅವರಲ್ಲಿ ದೊಡ್ಡ ಹೆಸರು ಮಾಡಿದವರು ಇಬ್ಬರು, ಅಕ್ಕ ಗೋಹರ್‌ಬಾಯಿ ಮತ್ತು ಅಮೀರ್‌ಬಾಯಿ. ಅದು ಕಂಪನಿ ನಾಟಕಗಳ ಕಾಲ. ನಮ್ಮ ಕಡೆ ನಾಟಕ ಅಂದರೆ ಅರ್ಧ ಹಾಡು. ಮೈಕ್ ಇಲ್ಲದೆ, ತಗಡಿನ ಥಿಯೇಟರಿನ ಕೊನೇ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ದನಿ ಮುಟ್ಟಬೇಕು. ಇಬ್ಬರದೂ ಅಂಥ ದನಿ. ಅಕ್ಕ ಮೊದಲು, ತಂಗಿ ಆಮೇಲೆ ಮುಂಬೈ ದಾರಿ ಹಿಡಿದರು. ಆಗ ನಮಗೆ ಮುಂಬೈ ಪರದೇಶವೇನಲ್ಲ. ವಿಜಾಪುರ ಮುಂಬೈ ಪ್ರಾಂತದ್ದೇ ಜಿಲ್ಲೆ, ಬೆಂಗಳೂರೇ ಪರರಾಜ್ಯ.

1934ರಲ್ಲಿ ‘ವಿಷ್ಣುಭಕ್ತಿ’ ಅನ್ನೋ ಸಿನಿಮಾದಲ್ಲಿ ಅಮೀರ್‌ಬಾಯಿಗೆ ಪಾತ್ರ ಸಿಕ್ಕಿತು. ಸಿಕ್ಕಿತು ಅಷ್ಟೇ. ಆಮೇಲೆ ವರ್ಷಗಟ್ಟಲೆ ಸಣ್ಣಪುಟ್ಟ ಪಾತ್ರ, ಹಾಡು, ಮತ್ತೆ ಪಾತ್ರ. 1940ರ ‘ನರಸೀ ಭಗತ್’ನಲ್ಲಿ ಗಾಂಧೀಜಿಗೆ ಪ್ರಿಯವಾದ ವೈಷ್ಣವ ಭಜನೆಗೆ ದನಿಯಾದರು. ಬೀಳಗಿಯ ಮುಸ್ಲಿಂ ಮನೆಯ ಹೆಣ್ಣುಮಗಳು, ಗುಜರಾತಿನ ಸಂತನ ಹಾಡು. ಆ ಕಾಲದ ಸಿನಿಮಾದವರಿಗೆ ಇದು ದೊಡ್ಡ ವಿಷಯವೇ ಆಗಿರಲಿಲ್ಲ ಅನ್ನೋದು ಈಗ ನಮಗೆ ದೊಡ್ಡ ವಿಷಯ. 1943ರಲ್ಲಿ ಬಾಂಬೆ ಟಾಕೀಸಿನ ‘ಕಿಸ್ಮತ್’ ಬಂತು. ಅನಿಲ್ ಬಿಸ್ವಾಸ್ ಸಂಗೀತ, ಕವಿ ಪ್ರದೀಪ್ ಬರೆದ ಹಾಡುಗಳು, ಅದರಲ್ಲಿ ಬಹುಪಾಲು ಅಮೀರ್‌ಬಾಯಿ ದನಿ. ಮರುವರ್ಷವೇ ನೌಷಾದರ ‘ರತನ್’. ದೇಶದ ಮೂಲೆಮೂಲೆಯಲ್ಲಿ ಅವರ ತಟ್ಟೆಗಳು ತಿರುಗಿದವು. ಗುಜರಾತಿಯಲ್ಲೂ ಹಾಡಿದರು. 1948ರಲ್ಲಿ ‘ಶಹನಾಜ್’ ಅನ್ನೋ ಸಿನಿಮಾಕ್ಕೆ ತಾವೇ ಸಂಗೀತ ಕೊಟ್ಟರು. ಹೆಣ್ಣುಮಕ್ಕಳು ಸಂಗೀತ ನಿರ್ದೇಶಕರಾಗಿದ್ದು ಆಗ ಎಷ್ಟು, ಈಗ ತಾನೆ ಎಷ್ಟು?

ಈ ಕತೆಯಲ್ಲಿ ನನಗೆ ಎದ್ದು ಕಾಣೋದು 1934ರಿಂದ 1943ರವರೆಗಿನ ಒಂಬತ್ತು ವರ್ಷ. ಹೆಸರು ಬಂದ ಮೇಲಿನ ಕತೆ ಎಲ್ಲರಿಗೂ ಗೊತ್ತಿರುತ್ತೆ, ಹುಟ್ಟಿದ ಊರಿನ ಕತೆಯೂ ಗೊತ್ತಿರುತ್ತೆ. ಆ ನಡುವಿನ ಒಂಬತ್ತು ವರ್ಷದಲ್ಲಿ ‘ನಮ್ಮಾಕಿ’ ಅಂದವರು ಎಷ್ಟು ಮಂದಿ? ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ಕಂಪನಿ ಲಾಭಕ್ಕೆ ಬಂದ ಮೇಲೆ ಶೇರು ಕೇಳೋರು ಬಹಳ, ಗ್ಯಾರೇಜಿನಲ್ಲಿ ಕೂತು ಚಹಾ ತಂದುಕೊಟ್ಟೋರು ಕಡಿಮೆ. ಊರುಗಳೂ ಹಾಗೇನಾ ಅನ್ನೋ ಅನುಮಾನ ನಂದು.

ಅವರು ಇಟ್ಟುಕೊಂಡ ಅಡ್ಡಹೆಸರನ್ನೂ ನೋಡಿ. ಕರ್ನಾಟಕಿ. ಮೂವತ್ತರ ದಶಕದಲ್ಲಿ ಕರ್ನಾಟಕ ಅನ್ನೋ ರಾಜ್ಯ ಇರಲಿಲ್ಲ. ಏಕೀಕರಣವಾಗಿದ್ದು 1956ರಲ್ಲಿ, ರಾಜ್ಯಕ್ಕೆ ಆ ಹೆಸರು ಬಂದಿದ್ದು 1973ರಲ್ಲಿ. ನಾವು ನಕಾಶೆಯಲ್ಲಿ ಆ ಹೆಸರು ಬರೆಯೋ ಎಷ್ಟೋ ವರ್ಷ ಮೊದಲು ಅಕ್ಕತಂಗಿ ಇಬ್ಬರೂ ಅದನ್ನ ಸಿನಿಮಾ ಪರದೆ ಮೇಲೆ, ತಟ್ಟೆಗಳ ಮೇಲೆ ಹಾಕಿಸಿಕೊಂಡಿದ್ದರು. ಅಂದರೆ ಅವರು ನಮ್ಮನ್ನ ‘ನಮ್ಮವರು’ ಅಂದಿದ್ದು ಮೊದಲು. ನಾವು ಅಂದಿದ್ದು ಆಮೇಲೆ.

ನಮ್ಮ ಆಯಿಗೆ ಈಗ ತೊಂಬತ್ತರ ಹತ್ತಿರ. ತಿಕೋಟಾ ಹತ್ತಿರದ ನಮ್ಮ ಹಳ್ಳಿಯಲ್ಲೇ ಇದ್ದಾಳೆ. ಕಿವಿ ಮಂದ, ನೆನಪು ಚುರುಕು. ಸಣ್ಣಾಕಿದ್ದಾಗ ಅವರ ತವರಿನ ಗೌಡರ ಮನೆಯಲ್ಲಿ ಗ್ರಾಮಾಫೋನು ಇತ್ತಂತೆ. ಸಂಜೆ ತಟ್ಟೆ ಹಚ್ಚಿದರೆ ಗಂಡಸರು ಕಟ್ಟೆ ಮೇಲೆ, ಹೆಂಗಸರು ಗ್ವಾಡಿ ಆ ಕಡೆ. ಹೋದ ದೀಪಾವಳಿಗೆ ಊರಿಗೆ ಹೋದಾಗ ಮೊಬೈಲಿನಲ್ಲಿ ಅಮೀರ್‌ಬಾಯಿ ಹಾಡು ಹಚ್ಚಿ ಕಿವಿಗೆ ಹಿಡಿದೆ. ಆಯಿ ಸುಮಾರು ಹೊತ್ತು ಕೇಳಿದಳು. ಆಮೇಲೆ ಅಂದಳು, “ಭಾಳ ಛಲೋ ಹಾಡತಿದ್ಳಪ್ಪಾ. ಅದಕೇನು, ಮನೆತನಸ್ಥಾಕಿ ಅಲ್ಲ.”

ಎರಡೂ ಮಾತು ಒಂದೇ ಉಸಿರಿನಲ್ಲಿ. ಆಯಿ ಇದನ್ನ ಸಿಟ್ಟಿನಿಂದ ಅನ್ನಲಿಲ್ಲ, ಹೊಟ್ಟೆಕಿಚ್ಚಿನಿಂದಲೂ ಅಲ್ಲ. ಮಳೆ ಬಂತು, ಕೊಡೆ ಇರಲಿಲ್ಲ ಅಂದ ಹಾಗೆ ಅಂದಳು. ನನ್ನ ಸಹೋದ್ಯೋಗಿಯ ಪ್ರಶ್ನೆಗೆ ಉತ್ತರ ಅದರೊಳಗೇ ಇತ್ತು.

ಕನ್ನಡದಲ್ಲಿ ‘ಹೆಸರು’ ಅನ್ನೋ ಪದ ವಿಚಿತ್ರವಾದದ್ದು. ಗಂಡಸಾದರೆ ‘ಹೆಸರು ಮಾಡ್ಯಾನ’ ಅಂತೀವಿ. ಹೆಣ್ಣುಮಗಳ ವಿಷಯ ಬಂದಾಗ ಅದೇ ಪದದ ಜೊತೆ ಬಾಯಿಗೆ ಮೊದಲು ಬರೋದು ‘ಹೆಸರು ಕೆಡಿಸಿಕೊಂಡಾಳ’. ಗಂಡಸಿನ ಹೆಸರು ಊರ ಬಾಯಿಗೆ ಬಿದ್ದಷ್ಟೂ ಬೆಳೀತದೆ. ಹೆಣ್ಣಿನ ಹೆಸರು ಯಾರ ಬಾಯಿಗೂ ಬೀಳದೇ ಇದ್ದಷ್ಟು ದಿನ ಚೊಕ್ಕಟ. ಹಾಡುಗಾರ್ತಿ ಮಾಡೋದು ಏನು? ತನ್ನ ಹೆಸರನ್ನ ತಾನೇ ಊರ ಬಾಯಿಗೆ ಹಾಕೋದು. ಖ್ಯಾತಿ ಅನ್ನೋದು ಆಕೆಗೆ ಬಹುಮಾನವೂ ಹೌದು, ತಪ್ಪಿಗೆ ಸಾಕ್ಷಿಯೂ ಹೌದು.

ನಮ್ಮದೇ ಜಿಲ್ಲೆಯಲ್ಲಿ, ಅದೇ ಕಾಲಕ್ಕೆ ನಡೆದ ಇನ್ನೊಂದು ಕತೆ ಹೇಳ್ತೀನಿ. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು ಕೂಡಿ ಹೆಣ್ಣುಮಕ್ಕಳ ಬೀಸೋಕಲ್ಲಿನ ಪದಗಳನ್ನ, ತೊಟ್ಟಿಲ ಪದಗಳನ್ನ ಕಲೆಹಾಕಿದರು. 1931ರಲ್ಲಿ ಅದು ‘ಗರತಿಯ ಹಾಡು’ ಅಂತ ಪುಸ್ತಕವಾಯಿತು. ಕನ್ನಡ ಜಾನಪದದಲ್ಲಿ ಅಷ್ಟು ದೊಡ್ಡ ಕೆಲಸ ಕೆಲವೇ. ಹಲಸಂಗಿ ಗೆಳೆಯರ ಬಗ್ಗೆ ನನಗಿರೋದು ಬರೀ ಗೌರವ; ಅವರು ಬರೆದುಕೊಳ್ಳದೇ ಇದ್ದಿದ್ದರೆ ಬೀಸೋಕಲ್ಲಿನ ಜೊತೆ ಆ ಹಾಡೂ ಹೋಗ್ತಿತ್ತು. ಆದರೆ ಆ ಶೀರ್ಷಿಕೆ ಮೇಲೆ ನನ್ನ ಕಣ್ಣು ಪದೇಪದೇ ನಿಲ್ಲುತ್ತೆ. ಗರತಿ. ಮನೆಯೊಳಗೆ ಹಾಡಿದಾಕೆ ಗರತಿ, ಆಕೆ ಯಾರು ಅಂತ ಕೇಳೋ ಹಾಗಿಲ್ಲ. ಮೂರು ವರ್ಷ ಬಿಟ್ಟು ಅದೇ ಜಿಲ್ಲೆಯ ಇನ್ನೊಬ್ಬಾಕೆ ಪರದೆ ಮೇಲೆ ಬಂದರು. ಅವರಿಗೆ ಹೆಸರಿತ್ತು, ಆದರೆ ಗರತಿ ಅಂತ ಯಾರೂ ಕರೆಯಲಿಲ್ಲ. ಒಬ್ಬಳಿಗೆ ಮರ್ಯಾದೆ ಸಿಕ್ಕಿತು ಹೆಸರು ಸಿಗಲಿಲ್ಲ, ಇನ್ನೊಬ್ಬಳಿಗೆ ಹೆಸರು ಸಿಕ್ಕಿತು ಮರ್ಯಾದೆ ಸಿಗಲಿಲ್ಲ. ಎರಡೂ ಬೇಕು ಅಂದವಳಿಗೆ ನಮ್ಮ ಊರುಗಳಲ್ಲಿ ಜಾಗ ಇತ್ತಾ?

ಅಕ್ಕ ಗೋಹರ್ ಪಾಡು ಇನ್ನೂ ಕಷ್ಟದ್ದು. ಅವರು ಬಾಲಗಂಧರ್ವರ ನಾಟಕ ಮಂಡಳಿ ಸೇರಿದರು. ಬಾಲಗಂಧರ್ವರು ಮರಾಠಿ ರಂಗಭೂಮಿಯ ಮಹಾ ನಟ, ಸ್ತ್ರೀ ಪಾತ್ರಗಳಿಗೆ ಹೆಸರಾದವರು. ಅವರು ರಂಗದ ಮೇಲೆ ಸೀರೆ ಉಟ್ಟ ರೀತಿ, ಹೂವು ಮುಡಿದ ರೀತಿಯನ್ನ ಪುಣೆ ಮುಂಬೈಯ ದೊಡ್ಡ ಮನೆತನದ ಹೆಂಗಸರು ನೋಡಿ ಕಲೀತಿದ್ದರು. ಯೋಚಿಸಿ ನೋಡಿ: ಗಂಡಸು ಹೆಣ್ಣಾಗಿ ರಂಗಕ್ಕೆ ಬಂದರೆ ಮನೆತನಸ್ಥರಿಗೆ ಮಾದರಿ. ಹೆಣ್ಣು ಹೆಣ್ಣಾಗಿಯೇ ರಂಗಕ್ಕೆ ಬಂದರೆ ‘ಅಂಥಾಕಿ’. ಗೋಹರ್ ಆ ಕಂಪನಿಗೆ ಬಂದು ಹಾಡಿದರು, ನಟಿಸಿದರು, ಬಾಲಗಂಧರ್ವರ ಇಳಿಗಾಲದಲ್ಲಿ ಜೊತೆಗಿದ್ದರು, 1951ರಲ್ಲಿ ಅವರನ್ನು ಮದುವೆಯೂ ಆದರು. ಅಭಿಮಾನಿಗಳು ಬಾಲಗಂಧರ್ವರ ಕಷ್ಟಕ್ಕೆಲ್ಲ ಆಕೆಯೇ ಕಾರಣ ಅಂದರು. ಹಾಡುಗಾರ್ತಿ, ಮುಸ್ಲಿಂ, ಕನ್ನಡದಾಕೆ. ಬಯ್ಯೋಕೆ ಮೂರು ಕಾರಣ ಒಟ್ಟಿಗೇ ಸಿಕ್ಕಿದ್ದವು. ಆಗ ‘ನಮ್ಮಾಕಿಗೆ ಹೀಗನ್ನಬ್ಯಾಡ್ರಿ’ ಅಂತ ನಮ್ಮ ಕಡೆಯಿಂದ ಎಷ್ಟು ದನಿ ಎದ್ದಿದ್ದವೋ!

ಇದು ಬರೀ ಸಿನಿಮಾ ನಾಟಕದವರ ಪಾಡು ಅಂದುಕೊಳ್ಳಬೇಡಿ. ಗಂಗೂಬಾಯಿ ಹಾನಗಲ್ಲರು ಶಾಸ್ತ್ರೀಯ ಸಂಗೀತದ ಶಿಖರ. ಅವರು ಹುಡುಗಿಯಾಗಿದ್ದಾಗ ಧಾರವಾಡದ ಬೀದಿಯಲ್ಲಿ ನಡೆದುಹೋದರೆ ‘ಗಾನೇವಾಲಿ’ ಅಂತ ಹಂಗಿಸುತ್ತಿದ್ದರಂತೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಎದುರು ಸ್ವಾಗತ ಗೀತೆ ಹಾಡಿದ ಹುಡುಗಿಗೆ ಒಳಗೊಳಗೇ ಇದ್ದ ಹೆದರಿಕೆ ಏನು ಗೊತ್ತಾ? ಹಾಡಾದ ಮೇಲೆ ಎಲ್ಲಿ ನನಗೆ ಊಟದ ಎಲೆ ಎತ್ತೋಕೆ ಹೇಳ್ತಾರೋ ಅಂತ. ಇದನ್ನ ಅವರೇ ಹೇಳಿಕೊಂಡಿದ್ದಾರೆ. ಮುಂದೆ ಪದ್ಮವಿಭೂಷಣ ಬಂತು, ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರ ಹೆಸರೇ ಬಂತು. ಹಂಗಿಸಿದ ಆ ಬೀದಿಯ ಮೊಮ್ಮಕ್ಕಳು ಈಗ ‘ನಮ್ಮ ಗಂಗಜ್ಜಿ’ ಅಂತಾರೆ. ಅನ್ನಲಿ, ತಪ್ಪೇನಿಲ್ಲ. ಆದರೆ ಗಂಗೂಬಾಯಿಯವರು ಮರೆಯಲಿಲ್ಲ. ಹಾಡೋ ಗಂಡಸು ಹಿಂದೂ ಆದರೆ ಪಂಡಿತ ಆಗ್ತಾನೆ, ಮುಸ್ಲಿಂ ಆದರೆ ಉಸ್ತಾದ ಆಗ್ತಾನೆ, ನಾವು ಮಾತ್ರ ಬಾಯಿ ಆಗೇ ಉಳೀತೀವಿ ಅನ್ನೋ ಅರ್ಥದ ಮಾತು ಅವರದ್ದೇ.

ಈ ‘ಬಾಯಿ’ ನಮ್ಮ ಕಡೆ ಎಷ್ಟು ಸಾದಾ ಪದ! ಕಾಶೀಬಾಯಿ, ಶಾಂತಾಬಾಯಿ, ಸುನಂದಾಬಾಯಿ. ಓಣಿಗೆ ಹತ್ತು ಜನ ಸಿಗ್ತಾರೆ. ನಮ್ಮ ಆಯಿ ಹೆಸರೂ ಬಾಯಿಯಿಂದಲೇ ಮುಗಿಯುತ್ತೆ. ಹಾಡಿದ ಕೂಡಲೇ ಅದೇ ಎರಡಕ್ಷರದ ಅರ್ಥ ಬದಲಾಗುತ್ತೆ ಅಂದರೆ, ದೋಷ ಪದದಲ್ಲಿ ಇರಲಿಕ್ಕಿಲ್ಲ.

ನಮ್ಮೂರಿಗೆ ಹೋಗೋ ಬಸ್ಸು ತೊರವಿ ದಾಟಿಯೇ ಹೋಗಬೇಕು. ತೊರವಿಯಲ್ಲಿ ನವರಸಪುರದ ಅವಶೇಷ ಇವೆ, ಸಂಗೀತ ಮಹಲ್ ಇದೆ. ಎರಡನೇ ಇಬ್ರಾಹಿಂ ಆದಿಲ್‌ಶಾಹಿ ಸಂಗೀತದ ಹುಚ್ಚಿಗೆ ಅಂತಲೇ ಒಂದು ಊರು ಕಟ್ಟಿಸಿದ. ತಾನೂ ಹಾಡು ಕಟ್ಟಿದ, ‘ಕಿತಾಬ್-ಎ-ನವರಸ್’ ಬರೆದ, ಸರಸ್ವತಿಯನ್ನ ನೆನೆದ. ಜನ ಅವನನ್ನ ಜಗದ್ಗುರು ಅಂದರು. ಬಾದಶಹ ಹಾಡಿದರೆ ಜಗದ್ಗುರು ಅನ್ನೋ ದೊಡ್ಡ ಮನಸ್ಸು ಇದ್ದ ಸೀಮೆ ಇದು. ನಾನು ಸಣ್ಣವನಿದ್ದಾಗ ಕಿಟಕಿ ಪಕ್ಕ ಕೂತು ಆ ಕಮಾನು ನೋಡುತ್ತಾ ಊರಿಗೆ ಹೋಗ್ತಿದ್ದೆ. ಈಗಲೂ ಅದೇ ಬಸ್ಸು, ಅದೇ ಕಮಾನು. ಆದರೆ ಈಗ ಅದನ್ನ ನೋಡಿದಾಗ ಸಂಗೀತಕ್ಕೆ ಇಲ್ಲಿ ಯಾವತ್ತೂ ವಿರೋಧ ಇರಲಿಲ್ಲ ಅನ್ನಿಸುತ್ತೆ; ಯಾರು ಹಾಡಬೇಕು ಅನ್ನೋದರಲ್ಲಿ ಮಾತ್ರ ತಕರಾರು.

ನನ್ನ ಮಾತಿಗೆ ಎದುರು ಮಾತೂ ಇದೆ, ಅದನ್ನ ಹೇಳದಿದ್ದರೆ ಅನ್ಯಾಯ. ಊರು ಏನೂ ಕೊಡಲಿಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಅಮೀರ್‌ಬಾಯಿ ಗಂಟಲಿಗೆ ಹದ ಬಂದಿದ್ದು ಗಾಳಿಯಿಂದಲ್ಲ. ಈ ಸೀಮೆಯ ನಾಟಕ, ಭಜನೆ, ಮೊಹರಮ್ಮಿನ ಪದ, ಸುತ್ತಮುತ್ತ ಹಾಡುತ್ತಿದ್ದ ಸಾವಿರ ಜನ, ಇವೆಲ್ಲ ಕೂಡಿಯೇ ಒಂದು ಕಿವಿ ತಯಾರಾಗೋದು. ನಾಲ್ಕಾಣೆ ಕೊಟ್ಟು ರಾತ್ರಿಯಿಡೀ ನಾಟಕ ನೋಡಿ, ಒನ್ಸ್‌ಮೋರ್ ಅಂತ ಕೂಗಿದವರೂ ಊರಿನವರೇ. ಬಯ್ದ ಬಾಯಿ, ಒನ್ಸ್‌ಮೋರ್ ಅಂದ ಬಾಯಿ ಎರಡೂ ಒಂದೇ ಆಗಿರಬಹುದು. ನಮ್ಮ ಆಯಿ ಥರ. ಹಾಗಾಗಿ ‘ನಮ್ಮಾಕಿ’ ಅನ್ನೋದರಲ್ಲಿ ಅಷ್ಟೂ ಸುಳ್ಳು ಅಂತ ನಾನು ಅನ್ನಲಾರೆ. ಪಾಲು ಇದೆ. ಆದರೆ ಪಾಲುದಾರನಿಗೆ ಲಾಭದ ಜೊತೆ ಸಾಲವೂ ಬರುತ್ತಲ್ಲ, ಆ ಲೆಕ್ಕ ನಾವು ತೆಗೆಯೋದಿಲ್ಲ.

ಇನ್ನೊಂದು, ಅವರೇನು ಊರು ಬಿಟ್ಟು ಮರೆತವರಲ್ಲ. ದುಡ್ಡು ಬಂದಾಗ ವಿಜಾಪುರದಲ್ಲಿ ಟಾಕೀಸು ಮಾಡಿದರು. (‘ಕಿಸ್ಮತ್’ ಕತೆಯಲ್ಲಿ ನಾಯಕಿಯ ಅಪ್ಪ ಒಂದು ಕಾಲದ ಥಿಯೇಟರ್ ಮಾಲೀಕ, ಎಲ್ಲ ಕಳೆದುಕೊಂಡವನು. ಆ ನಾಯಕಿಗೆ ಹಾಡಿದಾಕೆ ನಮ್ಮೂರಲ್ಲಿ ಥಿಯೇಟರ್ ಮಾಲೀಕರಾದರು. ಇದು ನನಗೆ ಯಾವಾಗ ನೆನಪಾದರೂ ಖುಷಿ.) ಜೀವನ ಸುಖದ್ದಾಗಿರಲಿಲ್ಲ. ಮೊದಲ ಮದುವೆ ನರಕವಾಯಿತು. ಆ ನಟ ದೇಶ ಒಡೆದ ಮೇಲೆ ಪಾಕಿಸ್ತಾನಕ್ಕೆ ಹೋದ. ಅತ್ತ ಹಾಡಿನ ರುಚಿಯೂ ಬದಲಾಗ್ತಿತ್ತು. 1949ರಲ್ಲಿ ಲತಾ ಮಂಗೇಶ್ಕರ್ ಬಂದ ರಭಸಕ್ಕೆ, ಕೊನೇ ಸಾಲಿಗೆ ಮುಟ್ಟೋ ಹಳೇ ತುಂಬುದನಿಗಳೆಲ್ಲ ಹಿಂದಕ್ಕೆ ಸರಿದವು. ಮೈಕಿಗೆ ಅಷ್ಟು ದೊಡ್ಡ ಗಂಟಲು ಬೇಕಿರಲಿಲ್ಲ. ಅಮೀರ್‌ಬಾಯಿ ಮತ್ತೆ ಸಣ್ಣ ಪಾತ್ರಗಳಿಗೆ ಬಂದರು. 1965ರ ಮಾರ್ಚ್ 3ರಂದು ತೀರಿಕೊಂಡರು. ಮಣ್ಣಾಗಿದ್ದು ವಿಜಾಪುರದಲ್ಲಿ.

ಅಂದರೆ ಹೆಸರಿಗೆ ಕರ್ನಾಟಕ, ದುಡ್ಡಿಗೆ ವಿಜಾಪುರ, ಕೊನೆಗೆ ಮಣ್ಣಿಗೂ ವಿಜಾಪುರ. ನಮಗೆ ಅವರ ಮೇಲೆ ಹಕ್ಕಿದೆಯೋ ಇಲ್ಲವೋ ಅಂತ ನಾನು ಕೇಳ್ತಾ ಇದ್ದೆ. ಅವರಿಗೆ ನಮ್ಮ ಮೇಲೆ ಹಕ್ಕು ಇದ್ದೇ ಇದೆ. ಆ ಹಕ್ಕನ್ನ ಅವರು ಚಲಾಯಿಸಿದ್ದರೆ ಏನು ಕೇಳ್ತಿದ್ದರು? ಒಂದು ಪುತ್ಥಳಿ? ಒಂದು ರಸ್ತೆಗೆ ಹೆಸರು? ರಹಮತ್ ತರೀಕೆರೆಯವರು ಅವರ ಮೇಲೆ ಪುಸ್ತಕ ಬರೆದಿದ್ದಾರೆ, ದೊಡ್ಡ ಉಪಕಾರ. ಆದರೆ ಸತ್ತವರ ಋಣ ಸತ್ತವರಿಗೆ ತೀರಿಸೋಕೆ ಆಗುತ್ತಾ ಅನ್ನೋದೇ ನನಗೆ ಅನುಮಾನ.

ಈಗ ಕಾಲ ಬದಲಾಗಿದೆ ಅಂತೀರಾ? ಸ್ವಲ್ಪ ಆಗಿದೆ. ಹಾವೇರಿ ಜಿಲ್ಲೆಯ ಚಿಲ್ಲೂರು ಬಡ್ನಿ ತಾಂಡಾದ ಹನುಮಂತ, ಕುರಿ ಕಾಯ್ತಿದ್ದ ಲಂಬಾಣಿ ಹುಡುಗ, ಟಿವಿಯ ‘ಸರಿಗಮಪ’ದಲ್ಲಿ ಹಾಡಿ 2019ರಲ್ಲಿ ಎರಡನೇ ಸ್ಥಾನ ಪಡೆದ, 2025ರ ಜನವರಿಯಲ್ಲಿ ‘ಬಿಗ್ ಬಾಸ್’ ಗೆದ್ದ. ಲುಂಗಿ, ರುಮಾಲು, ನಮ್ಮದೇ ಮಾತು. ಇಡೀ ಉತ್ತರ ಕರ್ನಾಟಕ ‘ನಮ್ಮಾಂವ’ ಅಂತ ಕುಣಿಯಿತು, ನಾನೂ ಓಟು ಹಾಕಿದೆ. ಮಾಳು ನಿಪನಾಳ, ಬಾಳು ಬೆಳಗುಂದಿ ಅಂತ ಊರ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡ ಹುಡುಗರ ಜಾನಪದ ಹಾಡುಗಳು ನಮ್ಮ ಕಡೆಯ ಪ್ರತಿ ಟ್ರ್ಯಾಕ್ಟರಿನಲ್ಲಿ, ಪ್ರತಿ ಮದುವೆ ಮೆರವಣಿಗೆಯಲ್ಲಿ ಬಡೀತಾವೆ. ನಮ್ಮ ಸೀಮೆಯ ಪಾಪ್ ಸಂಗೀತ ಅಂದರೆ ಈಗ ಅದೇ. ಬಡತನ, ಜಾತಿ, ತಾಂಡಾ, ಇವನ್ನೆಲ್ಲ ದಾಟಿ ಬರೋದು ಸಣ್ಣ ಮಾತಲ್ಲ. ಆದರೆ ಅವರ ಊರಲ್ಲಿ ಯಾರೂ ‘ಹಿಂಗ ಹಾಡಿದ್ರ ಈ ಹುಡುಗನ್ನ ಯಾರ್ ಮದಿವ್ಯಾಗ್ತಾರ?’ ಅಂತ ಕೇಳಿರಲಿಕ್ಕಿಲ್ಲ.

ಆ ಪ್ರಶ್ನೆ ಕೇಳಿದ್ದು ನಮ್ಮ ಮಾಮಾ. ಮಾಮಾ ಅಂದರೆ ನಮ್ಮಕ್ಕನ ಗಂಡ. ಅವರ ಮಗಳಿಗೆ ನಾನು ಮಾಮಾ, ನನಗೆ ಅವರು ಮಾಮಾ; ಫ್ಯಾಮಿಲಿ ಗ್ರೂಪಿನಲ್ಲಿ ‘ಮಾಮಾ ಎಲ್ಲಿದೀರಿ’ ಅಂತ ಬಂದರೆ ಇಬ್ಬರೂ ಉತ್ತರ ಕೊಡ್ತೀವಿ. ಅಕ್ಕನ ಮನೆ ವಿಜಯಪುರದ ಜಲನಗರದಲ್ಲಿ. ಮಾಮಾ ಬಬಲೇಶ್ವರ ಕಡೆಯವರು, ಗೊಬ್ಬರ-ಬೀಜದ ಅಂಗಡಿಯಲ್ಲಿ ಲೆಕ್ಕ ಬರೀತಾರೆ. ಮಗಳು ಪಿಯುಸಿ ಸೈನ್ಸ್. ಕಾಲೇಜಿನ ಗ್ಯಾದರಿಂಗಿನಲ್ಲಿ ಆಕೆ ಹಾಡಿದ್ದನ್ನ ಜಾನಪದ ಹಾಡು ರೆಕಾರ್ಡ್ ಮಾಡೋ ಒಬ್ಬರು ಕೇಳಿಸಿಕೊಂಡು ಮನೆಗೇ ಬಂದರು. ಸೀಗಿ ಹುಣ್ಣಿಮೆ ಮೇಲೆ ಒಂದು ಹಾಡು ಮಾಡ್ತಿದ್ದಾರೆ. ಹೊಲಕ್ಕೆ ಚರಗ ಚೆಲ್ಲೋ ಹಾಡು, ಪೋಲಿ ಮಾತು ಒಂದೂ ಇಲ್ಲ. ಹೆಣ್ಣುದನಿ ಬೇಕು, ಎರಡು ಸಾವಿರ ಕೊಡ್ತೀವಿ ಅಂದರು.

ಮಾಮಾ ಎರಡು ದಿನ ತೆಗೆದುಕೊಂಡರು. ಮೂರನೇ ದಿನ, “ಹಾಡ್ಲಿ. ದೇವರು ದನಿ ಕೊಟ್ಟಾನ, ಬ್ಯಾಡ ಅನ್ನಾಕ ನಾ ಯಾರು? ಆದ್ರ ಹೆಸರು ಹಾಕಬ್ಯಾಡ್ರಿ, ಫೋಟೋನೂ ಬ್ಯಾಡ” ಅಂದರು.

ಅಕ್ಕ ನನಗೆ ಫೋನ್ ಮಾಡಿ ನೀನಾದರೂ ಹೇಳು ಅಂದಳು. ಹೇಳಿದೆ. ಅಮೀರ್‌ಬಾಯಿ ಕತೆಯನ್ನೂ ಹೇಳಿದೆ. ಮಾಮಾ ಸಮಾಧಾನದಿಂದಲೇ ಕೇಳಿಸಿಕೊಂಡರು. “ತಮ್ಮಾ, ನೀ ಹೇಳೂದು ಖರೇ ಐತಿ. ಆದ್ರ ನಾಳೆ ಕನ್ಯಾ ನೋಡಾಕ ಬರೋರು ಮೊದ್ಲ ಮೊಬೈಲ್ನಾಗ ಹೆಸರು ಹೊಡದು ನೋಡ್ತಾರ. ಟ್ರ್ಯಾಕ್ಟರಿನ್ಯಾಗ ಹುಡುಗ್ರು ಆಕಿ ಹೆಸರು ತಗೊಂಡು ಒದರ್ತಾರ. ನೀ ಬೆಂಗಳೂರಾಗ ಇರ್ತಿ. ಇಲ್ಲೆ ಬಾಜೂ ಮನ್ಯಾಗ ಇರೋರು ನಾವು.”

ಇದಕ್ಕೆ ಏನು ಹೇಳೋದು? ಮಾಮಾ ಕೆಟ್ಟವರಲ್ಲ. ಅಮೀರ್‌ಬಾಯಿ ಹಾಡನ್ನ ನನಗಿಂತ ಚೆನ್ನಾಗಿ ಬಲ್ಲವರು, ಅಂಗಡಿಯಿಂದ ಬರುವಾಗ ಗುನುಗಿಕೊಂಡು ಬರ್ತಾರೆ. ಅವರು ಲೆಕ್ಕ ಹಾಕ್ತಿರೋದು ಮಗಳು ತೆರಬೇಕಾದ ಬೆಲೆಯನ್ನ. ಆ ಬೆಲೆ ಇಟ್ಟೋರು ನಾವೆಲ್ಲ ಸೇರಿ. ಹಾಡು ಕೇಳಿ ತಲೆದೂಗೋ ನಾನು ಆ ಬೆಲೆಯಲ್ಲಿ ಒಂದು ಪೈಸೆ ತೆರೋದಿಲ್ಲ. ದೂರ ಕೂತು ಧೈರ್ಯ ಹೇಳೋದು ಸುಲಭ, ದೂರ ಕೂತು ‘ನಮ್ಮಾಕಿ’ ಅನ್ನೋದೂ ಅಷ್ಟೇ ಸುಲಭ. ಹಾಗಂತ ಮಾಮಾ ಮಾತು ಒಪ್ಪಿಬಿಟ್ಟರೆ, ತೊಂಬತ್ತು ವರ್ಷ ಆದ ಮೇಲೂ ನಾವು ಹುಡುಗಿಗೆ ಕೊಡ್ತಿರೋದು ಅದೇ ಹಳೇ ಎರಡು ದಾರಿ. ಹಾಡು, ಆದರೆ ನೀನು ಯಾರು ಅಂತ ಹೇಳಬೇಡ. ಅಥವಾ ಹೇಳು, ಆಮೇಲೆ ಬಂದಿದ್ದನ್ನ ನೀನೇ ಅನುಭವಿಸು.

ಹೆಸರಿಲ್ಲದೆ ಬಂದರೇನು, ದನಿ ಗೊತ್ತಾಗಲ್ಲವೇ ಅಂತ ಕೇಳಬಹುದು. 1949ರ ‘ಮಹಲ್’ ಸಿನಿಮಾದ ಹಾಡಿನ ಮೊದಲ ತಟ್ಟೆಗಳ ಮೇಲೆ ಲತಾ ಹೆಸರಿರಲಿಲ್ಲ. ಪಾತ್ರದ ಹೆಸರು ‘ಕಾಮಿನಿ’ ಅಂತ ಮುದ್ರಿಸಿದ್ದರು. ಕೇಳಿದವರು ರೇಡಿಯೋಕ್ಕೆ ಬರೆದು ಇದು ಯಾರ ದನಿ ಅಂತ ವಿಚಾರಿಸಬೇಕಾಯಿತು. ಲತಾ ಆಗಿದ್ದಕ್ಕೆ ವಿಚಾರಿಸಿದರು. ಜಲನಗರದ ಪಿಯುಸಿ ಹುಡುಗಿಗೆ ಯಾರು ವಿಚಾರಿಸ್ತಾರೆ? ನಮ್ಮ ಕೆಲಸದಲ್ಲಿ ಒಂದು ಸಾಲು ಕೋಡ್ ಬದಲಾಯಿಸಿದರೂ ಯಾರು ಬದಲಾಯಿಸಿದ್ದು ಅಂತ ಹೆಸರು ದಾಖಲಾಗುತ್ತೆ, ಅಳಿಸೋಕೂ ಬರೋದಿಲ್ಲ. ಹೆಸರು ಇದ್ದರೆ ತಪ್ಪಿಗೂ ಹೊಣೆ, ಒಳ್ಳೇದಕ್ಕೂ ಹಕ್ಕು. ಇಪ್ಪತ್ತು ಸಾಲು ಬರೆದ ನನಗೆ ಇರೋ ಆ ಸವಲತ್ತು, ಒಂದಿಡೀ ಹಾಡು ಹಾಡಿದವಳಿಗೆ ಇಲ್ಲ.

ಹಾಡು ಹಾಡಿಯಾಯಿತು. ನನಗೆ ಕಳಿಸಿದ್ದಾಳೆ. ಮಾಮಾ ಮಗಳು ಅಂತ ಹೇಳ್ತಿಲ್ಲ, ಎರಡನೇ ಚರಣದಲ್ಲಿ ದನಿ ಮೇಲೆ ಹೋಗೋ ಕಡೆ ಕೇಳಿದರೆ ಸುಮ್ಮನಾಗಿಬಿಡ್ತೀರಿ.

ಹೋದ ವಾರ ರೆಕಾರ್ಡಿಂಗಿನವರು ಮತ್ತೆ ಫೋನ್ ಮಾಡಿದರಂತೆ. ಏನಾದರೂ ಒಂದು ಹೆಸರು ಕೊಡ್ರಿ, ಹಾಡಿದವರ ಜಾಗ ಖಾಲಿ ಬಿಡೋಕೆ ಬರಲ್ಲ ಅಂತ. ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲವಂತೆ. ಆಮೇಲೆ ಹುಡುಗಿಯೇ ಅಂದಳಂತೆ, “ಹಂಗಾರ ದೊಡ್ಡಾಯಿ ಹೆಸರು ಹಾಕ್ರಿ. ಈ ಪದ ಮೊದ್ಲ ಕಲಿಸಿದಾಕಿ ಆಕಿನ. ಮುದುಕಿನ್ನ ನೋಡಾಕ ಯಾರ್ ಬರ್ತಾರ?” ದೊಡ್ಡಾಯಿ ಅಂದರೆ ನಮ್ಮ ಆಯಿ. ಎಪ್ಪತ್ತು ಸಲ ಸೀಗಿ ಹುಣ್ಣಿಮೆಗೆ ಹೊಲಕ್ಕೆ ಬುತ್ತಿ ಹೊತ್ತು ಹಾಡಿಕೊಂಡು ಹೋದಾಕೆ, ಆ ಹೆಸರು ರೇಷನ್ ಕಾರ್ಡ್ ಬಿಟ್ಟು ಬೇರೆಲ್ಲೂ ಅಚ್ಚಾಗಿಲ್ಲ.

ಮಾಮಾ ನಕ್ಕರಂತೆ. ಆಮೇಲೆ ನಗೋದು ನಿಲ್ಲಿಸಿ ಯೋಚನೆಗೆ ಬಿದ್ದರಂತೆ. ಹಾಡು ಸೀಗಿ ಹುಣ್ಣಿಮೆಗೆ ಬಿಡಬೇಕು, ಇನ್ನು ಮೂರು ವಾರ ಇದೆ. ಐತವಾರ ಅಂಗಡಿ ಸೂಟಿ, ತಿಕೋಟಾ ಬಸ್ಸು ಹಿಡಿದು ಊರಿಗೆ ಹೋಗಿ ಆಯಿನ್ನ ಕೇಳಿಕೊಂಡು ಬರ್ತೀನಿ ಅಂದಿದ್ದಾರೆ. ಆಯಿ ಏನಂತಾಳೋ.